ಹೊಟ್ಟೆನೋವು ಅಂತ ಬರೆದವರು ನಾವೇ

ಕಿಗ್ಗದಲ್ಲಿ ಮಳೆ ಹಿಡಿದರೆ ಪಕ್ಕದ ಮನೆಯ ಕೂಗು ಕೇಳುವುದಿಲ್ಲ. ಪಕ್ಕದ ಮನೆ ಅಂದರೂ ನಮ್ಮ ಕಡೆ ಅದು ತೋಟದ ಆಚೆ, ಹಳ್ಳ ದಾಟಿ ಇರುತ್ತದೆ. ನಮ್ಮ ಋಷ್ಯಶೃಂಗೇಶ್ವರ ಮಳೆ ದೇವರು. ಮಳೆ ಬರಲಿ ಅಂತ ಎಲ್ಲೆಲ್ಲಿಂದಲೋ ಬಂದು ಪೂಜೆ ಮಾಡಿಸುತ್ತಾರೆ, ನಾವು ಫೋಟೊ ತೆಗೆದು ಸುದ್ದಿ ಕಳಿಸುತ್ತೇವೆ. ಕರೆಂಟು ಹೋಗಿ, ನೆಟ್‌ವರ್ಕ್ ಇಲ್ಲದೆ, ಗಂಡ ಕುಡಿದು ಬಂದ ರಾತ್ರಿ ಅದೇ ಮಳೆ ಒಬ್ಬ ಹೆಂಗಸಿಗೆ ಏನು ಅನ್ನುವುದನ್ನು ಮಾತ್ರ ನಾವು ಯಾವತ್ತೂ ಬರೆದಿರಲಿಲ್ಲ.

ನಾವು ಬರೆದದ್ದು ಬೇರೆ. 'ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ.' ನಮ್ಮಂಥ ಸ್ಟ್ರಿಂಗರ್‌ಗಳಿಗೆ ಈ ಸಾಲು ಬಾಯಿಪಾಠ. ದೂರಿನಲ್ಲಿ ಹಾಗೇ ಇರುತ್ತದೆ, ಹಾಗೇ ಕಳಿಸುತ್ತೇವೆ, ಮರುದಿನ ಒಳಪುಟದಲ್ಲಿ ಆರು ಸಾಲು ಬರುತ್ತದೆ. ಕೆಲವು ವರ್ಷದ ಹಿಂದೆ ಅಂಥದ್ದೊಂದು ಸುದ್ದಿ ಅಚ್ಚಾದ ವಾರ, ಸಂಘದ ಅಕ್ಕ ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ನಿಲ್ಲಿಸಿದರು. "ಹೊಟ್ಟೆನೋವಂತೆ ಹೊಟ್ಟೆನೋವು! ಹೋದ ವರ್ಷ ಅವಳ ಕೈ ಮುರಿದಿದ್ದು ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಅವತ್ತು ನಮಗೆ ನೆನಪಾದದ್ದು ಚಿಕ್ಕಂದಿನ ಅಡಿಕೆ ಸುಲಿಯುವ ರಾತ್ರಿಗಳು. ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹದಿನೈದು ಹೆಂಗಸರು ಸಾಲಾಗಿ ಕೂರುತ್ತಿದ್ದರು. ನಾವು ಮಕ್ಕಳು ಅಲ್ಲೇ ಗೋಣಿಚೀಲದ ಮೇಲೆ ನಿದ್ದೆ. ಒಂದು ದಿನ ಒಬ್ಬರು ತುಟಿ ಊದಿಸಿಕೊಂಡು ಬಂದರು. ಯಾರೂ ಏನೂ ಕೇಳಲಿಲ್ಲ. ನಮ್ಮಮ್ಮ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮಾತು ಹೊರಬರಲು ನಾಲ್ಕು ದಿನ ಬೇಕಾಯಿತು, ಬಂದದ್ದೂ ಕೈಯಲ್ಲಿ ಅಡಿಕೆ ಇದ್ದಾಗ, ತಲೆ ತಗ್ಗಿಸಿಕೊಂಡೇ. ಆಮೇಲೆ ದಿನಕ್ಕೊಬ್ಬರು ಅವರನ್ನು ಮನೆಗೆ ಬಿಡಲು ಹೋಗಿ, "ಕತ್ತಲಾಯ್ತು" ಅಂತ ಅಲ್ಲೇ ಜಗುಲಿಯಲ್ಲಿ ಮಲಗಿ ಬರತೊಡಗಿದರು. ಹೊರಗಿನವರು ಮಲಗಿದ ದಿನ ಆ ಗಂಡಸಿನ ಕೈ ಏಳುತ್ತಿರಲಿಲ್ಲ. ಆದರೆ ಸುಲಿತ ಮುಗಿದ ಮೇಲೆ ಮಲಗಲು ನೆಪ ಇರಲಿಲ್ಲ. ಮಳೆಗಾಲದ ಹೊತ್ತಿಗೆ ಅವರು ಮಗು ಕಟ್ಟಿಕೊಂಡು ತವರಿಗೆ ಹೋದರು.

ಈಗ ಸುಲಿಯುವ ಯಂತ್ರ ಬಂದಿದೆ. ಶೃಂಗೇರಿ, ಕೊಪ್ಪದ ಎಷ್ಟೋ ತೋಟಗಳಲ್ಲಿ ಹಳದಿ ಎಲೆ ರೋಗದಿಂದ ಸುಲಿಯುವಷ್ಟು ಅಡಿಕೆಯೇ ಇಲ್ಲ. ಹೆಂಗಸರು ಸೇರುವುದು ವಾರದ ಸಂಘದಲ್ಲಿ. ಅಲ್ಲಿ ಕಂತು, ಬಡ್ಡಿ, ಸಹಿ, ಅಷ್ಟೇ ಎಂದುಕೊಂಡಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಬೈದ ಅಕ್ಕನೇ ಹೇಳಿದ ಮೇಲೆ ಗೊತ್ತಾಯಿತು: ಕಿಗ್ಗದ ಸುತ್ತಿನ ಒಂದು ಊರಲ್ಲಿ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಏಳೆಂಟು ಜನ ಇನ್ನೂ ಅರ್ಧ ಗಂಟೆ ಕೂರುತ್ತಾರೆ. ಅದನ್ನು ಯಾರೂ ಬರೆದಿಡುವುದಿಲ್ಲ. "ಹೊಂದಿಕೊಂಡು ಹೋಗು" ಅನ್ನುವಂತಿಲ್ಲ, "ಬಿಟ್ಟು ಬಾ" ಅನ್ನುವಂತೆಯೂ ಇಲ್ಲ. ನಮ್ಮನ್ನು ಒಳಗೆ ಬಿಡಲಿಲ್ಲ, ಬಿಡದೇ ಇದ್ದದ್ದೇ ಸರಿ. ಹೊಡೆತದ ಮಾತು ಬೇಗ ಬರುತ್ತದೆ, ರಾತ್ರಿ ಹಾಸಿಗೆಯ ಮಾತು ಬರಲು ವರ್ಷವೇ ಹಿಡಿಯುತ್ತದೆ ಅಂತ ಆ ಅಕ್ಕ ಹೇಳಿದರು.

2019-20ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕೇಳಿದಾಗ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡಿದ್ದೇವೆ ಅಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು 21 ಇತ್ತು. ಹಿಂಸೆ ಎರಡು ಪಟ್ಟಾಯಿತೋ, ಹೇಳುವವರು ಹೆಚ್ಚಾದರೋ? ನಮ್ಮ ಮಟ್ಟಿಗೆ ಎರಡೂ ಇರಬೇಕು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೊಡೆತವನ್ನಷ್ಟೇ ಹೇಳುವುದಿಲ್ಲ. ಬೈಗುಳ, ದುಡ್ಡು ಕೊಡದಿರುವುದು, ಹಾಸಿಗೆಯ ಬಲವಂತ ಎಲ್ಲವೂ ಅದರಲ್ಲಿ ಸೇರುತ್ತವೆ. ಮನೆ ಅವಳ ಹೆಸರಲ್ಲಿ ಇಲ್ಲದಿದ್ದರೂ ಅವಳನ್ನು ಹೊರಗೆ ಹಾಕುವಂತಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರಿಗೆ ಅವಳೇ ಹೋಗಿ ಹೇಳಬೇಕು ಅಂತಿಲ್ಲ, ಪಕ್ಕದ ಮನೆಯವರೂ ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸಾಗುವುದಿಲ್ಲ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಸಂಘದ ಅಕ್ಕಂದಿರಿಗೆ ಇದೆಲ್ಲ ನಮಗಿಂತ ಮೊದಲೇ ಗೊತ್ತಿತ್ತು ಅನ್ನುವುದು ನಾಚಿಕೆಯ ಮಾತು.

ಆಮೇಲಿಂದ 'ಹೊಟ್ಟೆನೋವು' ಬಂದರೆ ನಾವು ಠಾಣೆಗೆ ಫೋನ್ ಮಾಡಿ ಇನ್ನೊಂದು ಪ್ರಶ್ನೆ ಕೇಳುತ್ತೇವೆ. ಮದುವೆಯಾಗಿ ಎಷ್ಟು ವರ್ಷ? ಹಿಂದೆ ದೂರು ಇತ್ತಾ? ಉತ್ತರ ಸಿಗುವುದು ಕಡಿಮೆ. ಉತ್ತರ ಸಿಗದಿದ್ದರೆ ಹೊಟ್ಟೆನೋವು ಅಂತ ಬರೆಯುವುದಿಲ್ಲ.

ಊರ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರಲ್ಲಿ ಒಬ್ಬರ ಫೋನಿನಿಂದ ಮಿಸ್ಡ್ ಕಾಲ್ ಬಂದರೆ ಇಬ್ಬರು ಏನೋ ಕೇಳಿಕೊಂಡು ಆ ಮನೆಗೆ ಹೋಗುತ್ತಾರೆ. ಏನು ಕೇಳಿಕೊಂಡು ಅಂತ ಬರೆಯುವುದಿಲ್ಲ, ಇದನ್ನು ಗಂಡಂದಿರೂ ಓದುತ್ತಾರೆ. ಬೇಸಿಗೆಯಲ್ಲಿ ಇದು ನಡೆಯುತ್ತದೆ. ಜೂನ್ ಬಂತು ಅಂದರೆ ನೆಟ್‌ವರ್ಕ್ ಇಲ್ಲ, ಹಳ್ಳ ತುಂಬಿ ಸಂಕ ದಾಟಲಾಗದು. ಮಳೆಗಾಲಕ್ಕೆ ಏನು ಮಾಡುವುದು ಅಂತ ಅವರಿನ್ನೂ ಮಾತಾಡುತ್ತಿದ್ದಾರೆ.