ನೀರೇ ದೇವರಾದ ನಾಚಿ

ಜಪಾನಿನ ಕೀ ಪರ್ಯಾಯದ್ವೀಪದ ದಕ್ಷಿಣ ಅಂಚಿನಲ್ಲಿ ರೈಲಿಳಿದು ಬಸ್ಸು ಹತ್ತಿದಾಗ ಮಳೆ ಹಿಡಿದಿತ್ತು. ಬೆಟ್ಟಗಳು ಒಂದರ ಹಿಂದೊಂದು ಮಂಜಿನಲ್ಲಿ ಕರಗುತ್ತಿದ್ದವು. ಆಷಾಢದ ಆಗುಂಬೆಯನ್ನು ಕಂಡವರಿಗೆ ಈ ಕುಮಾನೊ ಸೀಮೆ ಪರದೇಶವೆನಿಸದು. ಸಾವಿರ ವರ್ಷಗಳಿಂದ ಯಾತ್ರಿಕರು ಇಲ್ಲಿಗೆ ನಡೆದು ಬರುತ್ತಿದ್ದಾರೆ. ಪಟ್ಟ ಬಿಟ್ಟುಕೊಟ್ಟ ಚಕ್ರವರ್ತಿಗಳು ಕೂಡ ಕ್ಯೋತೋದಿಂದ ಬೆಟ್ಟ ದಾಟಿ ಬಂದರು; ಗೋ-ಶಿರಕಾವ ಒಬ್ಬನೇ 30ಕ್ಕೂ ಹೆಚ್ಚು ಸಲ ಬಂದನಂತೆ.

ದೈಮೊನ್‌ಜಾಕಾದಲ್ಲಿ ಇಳಿದೆ. ಪಾಚಿ ಹಿಡಿದ ಹಾಸುಗಲ್ಲಿನ ಮೆಟ್ಟಿಲುದಾರಿ. ಶುರುವಿನಲ್ಲೇ ಎರಡು ಸುಗಿ (ಜಪಾನಿ ಸೀಡರ್) ಮರಗಳು ದಾರಿಯ ಎರಡೂ ಬದಿಗೆ ನಿಂತಿವೆ. ಗಂಡ-ಹೆಂಡಿರ ಮರಗಳೆಂದೇ ಅವುಗಳ ಹೆಸರು. ವಯಸ್ಸು ಸುಮಾರು 800 ವರ್ಷ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದಾಗ ಇವು ಸಸಿಗಳು! ತೊಗಟೆಗೆ ಅಂಗೈ ಒತ್ತಿದೆ. ಒದ್ದೆ, ನಾರುನಾರು, ಮೂಗಿಗೆ ಅಂಟುವ ಘಮ. ಮೇಲೇರಿದಂತೆ ರಸ್ತೆಯ ಸದ್ದು ಅಡಗಿ, ಎಲೆಯಿಂದ ಎಲೆಗೆ ಬೀಳುವ ಹನಿಯ ಸದ್ದಷ್ಟೇ ಉಳಿಯಿತು. ವಾರಗಟ್ಟಲೆ ತಲೆಯೊಳಗೆ ಗುಂಯ್‌ಗುಟ್ಟುತ್ತಿದ್ದುದೂ ಎಲ್ಲೋ ನಿಂತುಹೋಯಿತು.

ಮೇಲೆ ಸೆಯ್‌ಗಾಂತೊ-ಜಿ ಎಂಬ ಬೌದ್ಧ ದೇಗುಲ. ಅದನ್ನು ಸ್ಥಾಪಿಸಿದವನು ಸಮುದ್ರದಲ್ಲಿ ತೇಲಿ ಬಂದ ಭಾರತದ ಭಿಕ್ಷು ಎಂದು ಇಲ್ಲಿಯ ಐತಿಹ್ಯ. ಅಷ್ಟು ದೂರದಲ್ಲಿ ಈ ಮಾತು ಕೇಳಿ ನನಗಾದ ಸಂತೋಷ ಹೇಳತೀರದು.

ಅಲ್ಲಿಂದ ಕೆಳಗಿಳಿದರೆ ನಾಚಿ ಜಲಪಾತ. ಎತ್ತರ 133 ಮೀಟರ್. ನಮ್ಮ ಜೋಗದ ಅರ್ಧದಷ್ಟು. ಆದರೆ ಜೋಗಕ್ಕೆ ನಾವು ಹೋಗುವುದು ನೋಡಲು. ಇಲ್ಲಿಗೆ ಜನ ಬರುವುದು ದರ್ಶನಕ್ಕೆ. ಹಿರೊ ಎಂಬ ಈ ಕ್ಷೇತ್ರದಲ್ಲಿ ಗರ್ಭಗುಡಿಯಿಲ್ಲ, ಮೂರ್ತಿಯಿಲ್ಲ. ಬೀಳುವ ನೀರೇ ದೇವರು. ಧುಮುಕುವ ತುದಿಗೆ ಅಡ್ಡಲಾಗಿ ಹುಲ್ಲಿನ ಹಗ್ಗ ಕಟ್ಟಿರುತ್ತಾರೆ, ವರ್ಷಕ್ಕೆರಡು ಸಲ ಹೊಸದು. ಬಂದವರು ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ನಾನೂ ಬಾಗಿದೆ. ನೀರಿನ ತುಂತುರು ಮುಖಕ್ಕೆ ಬಡಿಯಿತು. ಬಿಳಿ ಬಟ್ಟಲಲ್ಲಿ ಹಿಡಿದು ಕುಡಿಯಲು ಅದೇ ನೀರು ಸಿಗುತ್ತದೆ, ಆಯುಸ್ಸು ಹೆಚ್ಚುತ್ತದಂತೆ. ನಮ್ಮ ತೀರ್ಥದ ಹಾಗೆಯೇ ಕಣ್ಣಿಗೊತ್ತಿಕೊಂಡು ಕುಡಿದೆ. ಹಲ್ಲು ಜುಮ್ಮೆನ್ನುವ ತಂಪು. ಏನನ್ನೂ ಬೇಡಿಕೊಳ್ಳಬೇಕೆನಿಸಲಿಲ್ಲ.

ಈ ನೀರನ್ನು ಸಾಕುತ್ತಿರುವುದು ಹಿಂದಿನ ಬೆಟ್ಟದ ಹಳೆಗಾಡು. ದೇವರದೆಂದು ಅದಕ್ಕೆ ಕೊಡಲಿ ಬಿದ್ದಿಲ್ಲ. 1900ರ ಹೊತ್ತಿಗೆ ಇಂಗ್ಲೆಂಡಿನಿಂದ ಮರಳಿದ ಮಿನಾಕಾತಾ ಕುಮಾಗುಸು ಎಂಬ ವಿದ್ವಾಂಸ ಕೆಲವು ವರ್ಷ ನಾಚಿಯಲ್ಲೇ ಉಳಿದು, ಈ ಕಾಡಿನ ಪಾಚಿ, ಅಣಬೆಗಳನ್ನು ಹೆಕ್ಕಿ ಅಭ್ಯಾಸ ಮಾಡಿದ. 1906ರಲ್ಲಿ ಸರ್ಕಾರ ಸಣ್ಣ ಗುಡಿಗಳನ್ನು ದೊಡ್ಡವುಗಳಲ್ಲಿ ವಿಲೀನ ಮಾಡಹೊರಟಿತು. ಗುಡಿ ಹೋದಲ್ಲಿ ಗುಡಿಯ ಬನವೂ ಹೋಗತೊಡಗಿತು, ಮರಗಳು ಮಾರಾಟವಾದವು. ಕುಮಾಗುಸು ಬರೆದ, ಕೂಗಾಡಿದ, 1910ರಲ್ಲಿ ಸೆರೆಮನೆಯನ್ನೂ ಕಂಡ. ಸಾವಿರಕ್ಕೂ ಮಿಕ್ಕ ದೇವರಕಾಡುಗಳಿರುವ ಕೊಡಗಿನವರಿಗೆ ಅವನ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬನಗಳೂ ಅಂಚಿನಿಂದ ಕರಗುತ್ತಿವೆ. ನಮಗೂ ಅಂಥ ಹಟಮಾರಿಗಳು ಬೇಕು.

ಮರುದಿನ ಹೊಂಗೂಗೆ ಹೋದೆ. ಕುಮಾನೊ ನದಿಯ ದಂಡೆಯ ಮರಳುದಿಬ್ಬದ ಮೇಲೆ ಇಲ್ಲಿಯ ಮುಖ್ಯ ದೇವಾಲಯವಿತ್ತು. 1889ರ ಮಹಾಪೂರ ಅದರ ಬಹುಭಾಗವನ್ನು ಕೊಚ್ಚಿಕೊಂಡು ಹೋಯಿತು. ಮೇಲಿನ ಬೆಟ್ಟಗಳಲ್ಲಿ ಕಾಡು ಕಡಿದದ್ದೂ ಅದಕ್ಕೆ ಕಾರಣ ಎನ್ನುತ್ತಾರೆ. ಉಳಿದ ಗುಡಿಗಳನ್ನು ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಆದರೆ ಹಳೆಯ ಜಾಗವನ್ನು ಯಾರೂ ಕೈಬಿಟ್ಟಿಲ್ಲ. 2000ದಲ್ಲಿ ಅದರ ಮುಂದೆ ಸುಮಾರು 34 ಮೀಟರ್ ಎತ್ತರದ ಹೆಬ್ಬಾಗಿಲು ಎಬ್ಬಿಸಿದ್ದಾರೆ. ಒಳಗಿರುವುದು ಸುತ್ತ ಮರಗಳು, ಹುಲ್ಲು, ಎರಡು ಪುಟ್ಟ ಕಲ್ಲುಗುಡಿ. ನಾನು ಹೋದಾಗ ಶಾಲಾ ಮಕ್ಕಳ ಗುಂಪೊಂದು ಬಂದಿತ್ತು. ಬಾಗಿಲ ಬಳಿ ಟೋಪಿ ತೆಗೆದು, ಒಬ್ಬೊಬ್ಬರಾಗಿ ಬಾಗಿ, ಆಮೇಲೆ ಕೂಗಾಡುತ್ತ ನದಿಯ ಕಡೆಗೆ ಓಡಿದರು.