ಅವ್ವನ ಕೈ, ಬೆಳಕಿಂಡಿ ಮತ್ತು ಒಂದು ಪುಟ್ಟ ಲೆನ್ಸು



ನಮ್ಮ ಅಥಣಿಯ ಚಪ್ಪಲಿಯನ್ನು ಬಲ್ಲವರು ಬಹಳ. ಅದನ್ನು ಮಾಡುವ ಕೈಗಳನ್ನು ಕಂಡವರು ವಿರಳ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಅದನ್ನೇ ಹೋಲುವ ಪಾದರಕ್ಷೆಗಳನ್ನು ಮಿಲಾನ್ ನಗರದಲ್ಲಿ ಪ್ರದರ್ಶಿಸಿತು. ಆಕ್ಷೇಪಣೆಗಳು ಎದ್ದ ಮೇಲೆ, ಭಾರತದ ಕರಕುಶಲದಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿತು. ಆ ದಿನಗಳಲ್ಲಿ ಚಪ್ಪಲಿಯ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ನಾನು ನೋಡಿದ ಚಿತ್ರಗಳಲ್ಲಿ ರಂಪಿಗೆ ಹಿಡಿದ ಕೈಯಾಗಲಿ, ಆ ಕೈಯ ಒಡೆಯರ ಮುಖವಾಗಲಿ ಇರಲಿಲ್ಲ.

ಈ ಕೊರತೆಯೇ ನನ್ನ ಶಿಷ್ಯನೊಬ್ಬನನ್ನು ಕಾಡಿತು. ಅಥಣಿಯ ಕಡೆಯವನು; ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ತಾಯಿ ಚಪ್ಪಲಿಯ ಮೇಲ್ಪಟ್ಟಿಗೆ ಚರ್ಮದ ಜಡೆ ಹೆಣೆಯುವವರು. ವಯಸ್ಸಾಗಿ ಅವರ ದೃಷ್ಟಿ ಮಂದವಾಗುತ್ತಿದೆ. "ಸರ, ಅವ್ವ ಜಡಿ ಹೆಣಿಯೋದನ್ನ ಹಿಡದಿಡಬೇಕಂತ ಮಾಡೀನಿ. ಫ್ಲ್ಯಾಶ್ ಹಾಕಿದ್ರ ಆಕಿ ಕಣ್ಣ ಮುಚ್ಚತಾಳ, ಕೈಯೂ ನಿಲ್ಲಸತಾಳ. ಯಾವ ಲೆನ್ಸ್ ತಗೊಳ್ಳಲಿ?" ಎಂದು ಕೇಳಿದ. ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಛಾಯಾಗ್ರಹಣದ ಹವ್ಯಾಸವನ್ನು ಅವನು ಬಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಹಳೆಯ ಮನೆಗಳನ್ನೂ ಹಿರಿಯರನ್ನೂ ಉಳಿದವರಾದರೂ ಚಿತ್ರದಲ್ಲಿ ಹಿಡಿದಿಡಲಿ ಎಂಬ ಆಸೆಯಿಂದ.

ಮೊದಲು ಅಳತೆ. ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ನಾವು ಕಲಿತ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಳ್ಳಿ. ಸಂವೇದಕದ ಅಗಲವನ್ನು ಲೆನ್ಸಿನ ಸಂಗಮ ದೂರದಿಂದ ಭಾಗಿಸಿ, ನಮಗೂ ವಸ್ತುವಿಗೂ ಇರುವ ಅಂತರದಿಂದ ಗುಣಿಸಿದರೆ ಚಿತ್ರದಲ್ಲಿ ಹಿಡಿಸುವ ಅಗಲ ದೊರೆಯುತ್ತದೆ. ಶಿಷ್ಯನದು ಸೋನಿ ಎ6700 ಎಂಬ ಕನ್ನಡಿರಹಿತ ಕ್ಯಾಮೆರಾ. ಅದರ ಸಂವೇದಕದ ಅಗಲ ಸುಮಾರು 23.3 ಮಿಲಿಮೀಟರ್. ಅವನ ಮನೆಯ ಕೋಣೆ ಹತ್ತು ಅಡಿಯದು. ಗೋಡೆಗೆ ಬೆನ್ನು ತಾಗಿಸಿ ನಿಂತರೆ ತಾಯಿಗೂ ಅವನಿಗೂ ಎರಡು ಮೀಟರ್ ಅಂತರ. ಅಲ್ಲಿಂದ 11 ಮಿ.ಮೀ. ಲೆನ್ಸು 4.2 ಮೀಟರ್ ಅಗಲವನ್ನು ತೋರಿಸುತ್ತದೆ, 15 ಮಿ.ಮೀ. 3.1, 16 ಮಿ.ಮೀ. 2.9, 20 ಮಿ.ಮೀ. 2.3 ಮೀಟರ್. ಹನ್ನೊಂದರಲ್ಲಿ ಇಡೀ ಕೋಣೆ ಬರುತ್ತದೆ, ಆದರೆ ಅಂಚಿನಲ್ಲಿ ಕುಳಿತವರ ಮುಖ ಎಳೆದಂತಾಗುತ್ತದೆ. ಇಪ್ಪತ್ತರಲ್ಲಿ ತಾಯಿ ಬರುತ್ತಾರೆ, ಪಕ್ಕದ ಚರ್ಮದ ಹಾಳೆ, ಉಪಕರಣಗಳು ಹೊರಗುಳಿಯುತ್ತವೆ. ಹದಿನೈದು–ಹದಿನಾರರ ಸುತ್ತ ಕೈ, ಮುಖ, ಕೆಲಸದ ಜಾಗ ಮೂರೂ ಕೂಡಿ ಬರುತ್ತವೆ.

ಎರಡನೆಯದು ಬೆಳಕು. ಎಫ್/2.8 ಲೆನ್ಸಿಗಿಂತ ಎಫ್/1.4 ಲೆನ್ಸು ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಒಂದೇ ಬೆಳಕಿಂಡಿಯ ಕೋಣೆಯಲ್ಲಿ 1/125 ಸೆಕೆಂಡಿನ ವೇಗಕ್ಕೆ ಮೊದಲನೆಯದಕ್ಕೆ ಐಎಸ್‌ಒ 3200 ಬೇಕಾದರೆ ಎರಡನೆಯದಕ್ಕೆ 800 ಸಾಕು. ಚಿತ್ರದ ಕಾಳುಕಾಳಾದ ಮಸುಕು ಅಷ್ಟು ಕಡಿಮೆ. "ಕ್ಯಾಮೆರಾದಲ್ಲೇ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ?" ಎಂದು ಅವನು ಕೇಳಿದ. ಇದೆ, ನಿಜ. ಆದರೆ ಅದು ತಡೆಯುವುದು ಚಿತ್ರ ತೆಗೆಯುವವನ ಕೈಯ ನಡುಕವನ್ನು ಮಾತ್ರ. ಚರ್ಮದ ಎಳೆಯನ್ನು ಸರಕ್ಕನೆ ಎಳೆಯುವ ತಾಯಿಯ ಬೆರಳು ಅದರ ಮಾತನ್ನು ಕೇಳುವುದಿಲ್ಲ. ಆ ಬೆರಳನ್ನು ಸ್ಪಷ್ಟವಾಗಿ ಹಿಡಿಯಲು ವೇಗ ಬೇಕು, ವೇಗಕ್ಕೆ ಬೆಳಕು ಬೇಕು.

ಮೂರನೆಯದು ಗಾತ್ರ. ದೊಡ್ಡ ಕೊಳವೆಯನ್ನು ಮುಖದೆದುರು ಹಿಡಿದರೆ ನಮ್ಮ ಹಿರಿಯರು ಸೆರಗು ಸರಿಪಡಿಸಿಕೊಂಡು, ಮದುವೆಯ ಫೋಟೋಕ್ಕೆ ಕುಳಿತವರಂತೆ ಬಿಗಿಯಾಗುತ್ತಾರೆ. ಸಣ್ಣ ಕ್ಯಾಮೆರಾವನ್ನು ಅರ್ಧ ತಾಸಿನಲ್ಲಿ ಮರೆಯುತ್ತಾರೆ. ಸೋನಿಯ 20 ಮಿ.ಮೀ. ಎಫ್/2.8 ಕೇವಲ 69 ಗ್ರಾಂ, ರೊಟ್ಟಿಯಂತೆ ತೆಳ್ಳಗೆ. ಆದರೆ ಬೆಳಕು, ಅಗಲ ಎರಡರಲ್ಲೂ ಹಿಂದೆ. 11 ಮಿ.ಮೀ. ಎಫ್/1.8 ಲೆನ್ಸು 181 ಗ್ರಾಂ. ಸಿಗ್ಮಾದ 16 ಮಿ.ಮೀ. ಎಫ್/1.4 (2017) ಬೆಲೆಯಲ್ಲಿ ಹಗುರ, ತೂಕದಲ್ಲಿ 405 ಗ್ರಾಂ. ಸೋನಿಯ 15 ಮಿ.ಮೀ. ಎಫ್/1.4 (2022) ಬೆಲೆಯಲ್ಲಿ ಭಾರ, ತೂಕದಲ್ಲಿ 219 ಗ್ರಾಂ. ಧೂಳು, ತೇವಗಳನ್ನು ತಡೆಯುವ ರಚನೆಯೂ ಅದಕ್ಕಿದೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುವಾಗ ಅದರ ಬೆಲೆ ತಿಳಿಯುತ್ತದೆ. ಹಣ ಒದಗಿದರೆ ಸೋನಿಯ ಹದಿನೈದು, ಇಲ್ಲವಾದರೆ ಸಿಗ್ಮಾ ಎಂದು ಹೇಳಿದೆ. ಬೆಳಕಿನ ವಿಷಯದಲ್ಲಿ ಎರಡೂ ಸಮಾನ.

ಬಳಸುವ ಕ್ರಮವನ್ನೂ ಹೇಳಬೇಕು. ಒಂದು ಮೀಟರ್ ಅಂತರಕ್ಕೆ ಬಂದು, ಎಫ್/2ರಲ್ಲಿ ಹದಿನೈದರ ಲೆನ್ಸನ್ನು ಕೈಯ ಮೇಲೆ ಕೇಂದ್ರೀಕರಿಸಿದರೆ ಸುಮಾರು 85 ಸೆಂಟಿಮೀಟರಿನಿಂದ 1.2 ಮೀಟರ್‌ವರೆಗೆ ಸ್ಪಷ್ಟತೆ ಸಿಗುತ್ತದೆ. ಕೈಯೂ ಬಾಗಿದ ಮುಖವೂ ಅದರೊಳಗೆ ಬರುತ್ತವೆ. ಕುಳಿತವರ ಚಿತ್ರವನ್ನು ನಾವೂ ನೆಲದ ಮೇಲೆ ಕುಳಿತೇ ತೆಗೆಯಬೇಕು. ನಿಂತು ತೆಗೆದರೆ ತಲೆ ದೊಡ್ಡದಾಗಿ ಕಾಲು ಕುಗ್ಗುತ್ತದೆ. ಮುಖವನ್ನು ಅಂಚಿಗೆ ತಳ್ಳಬಾರದು.

ದುಡಿಯುವ ಹೆಣ್ಣುಮಕ್ಕಳನ್ನು ಹೀಗೆ ಹತ್ತಿರದಿಂದ ಕಾಣುವ ಪ್ರಯತ್ನ ನಮ್ಮ ಸೀಮೆಯಲ್ಲಿ ಹೊಸದೇನಲ್ಲ. 1982ರಲ್ಲಿ ದೀಪಾ ಧನರಾಜ್ ಮತ್ತು ಅವರ ಯುಗಾಂತರ್ ಬಳಗವು ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಕಾರ್ಮಿಕ ಮಹಿಳೆಯರ ಕುರಿತು ಸಾಕ್ಷ್ಯಚಿತ್ರ ಮಾಡಿತು. ಅಂದು ಅದಕ್ಕೊಂದು ತಂಡವೇ ಬೇಕಾಗಿತ್ತು. ಇಂದು ತಾಯಿಯ ಎದುರು ಕುಳಿತ ಮಗನೊಬ್ಬ ಸಾಕು.

ಕೊನೆಯದಾಗಿ ಎಲ್ಲರಿಗೂ ಒಂದು ಮಾತು. 2019ರ ಆಗಸ್ಟ್ ತಿಂಗಳ ಕೃಷ್ಣೆಯ ಪ್ರವಾಹವನ್ನು ಚಿಕ್ಕೋಡಿ, ಕಾಗವಾಡ, ಅಥಣಿ, ರಾಯಬಾಗಗಳ ನದಿತೀರದವರು ಮರೆತಿಲ್ಲ. ನೀರು ಹೊಕ್ಕ ಮನೆಗಳಲ್ಲಿ ಗೋಡೆಯ ಫೋಟೋಗಳೂ ಉಳಿಯಲಿಲ್ಲ. ಆದ್ದರಿಂದ ಚಿತ್ರದ ಒಂದು ಪ್ರತಿ ಊರಿನಲ್ಲಿರಲಿ, ಇನ್ನೊಂದು ದೂರದಲ್ಲಿರಲಿ. ಜೊತೆಗೆ ತಾಯಿಯ ಹೆಸರು, ಊರು, ದಿನಾಂಕ, ಆ ಹೆಣಿಗೆಗೆ ಅವರ ಬಾಯಲ್ಲಿರುವ ಹೆಸರು, ಇಷ್ಟನ್ನು ತಪ್ಪದೆ ಬರೆದಿಡಿ.