ಪಿಚೋಲಾ ಸರೋವರದ ನಡುವೆ ಎರಡು ದಿನ

ಮಕ್ಕಳ ವಿದ್ಯಾಭ್ಯಾಸ, ಮದುವೆ, ಹಿರಿಯರ ಸೇವೆ ಎನ್ನುವುದರಲ್ಲಿಯೇ ನಮ್ಮ ದಾಂಪತ್ಯದ ಮೂವತ್ತು ವರ್ಷಗಳು ಸಂದುಹೋದವು. ಇಬ್ಬರೇ ಕೂಡಿ ಪ್ರವಾಸ ಹೋದ ನೆನಪಿಲ್ಲ. ಮಕ್ಕಳ ಒತ್ತಾಯಕ್ಕೆ ಮಣಿದು ರಾಜಸ್ಥಾನದ ಉದಯಪುರಕ್ಕೆ ಹೊರಟೆವು.

ಪಿಚೋಲಾ ಸರೋವರದ ನಡುಗಡ್ಡೆಯಲ್ಲಿ ಜಗನಿವಾಸವೆಂಬ ಬಿಳಿಯ ಅರಮನೆಯಿದೆ. ಮಹಾರಾಣಾ ಎರಡನೆಯ ಜಗತ್‌ಸಿಂಹನು 1743ರಿಂದ 1746ರ ಅವಧಿಯಲ್ಲಿ ಇದನ್ನು ವಿಹಾರಕ್ಕಾಗಿ ಕಟ್ಟಿಸಿದನು. 1963ರಲ್ಲಿ ಮಹಾರಾಣಾ ಭಗವತ್‌ಸಿಂಹರು ಇದನ್ನು ಹೋಟೆಲಾಗಿ ಮಾರ್ಪಡಿಸಿದರು. 1971ರಿಂದ ತಾಜ್ ಸಂಸ್ಥೆ ನಡೆಸುತ್ತಿದೆ. ಸರೋವರ ತುಂಬಿರುವಾಗ ದೋಣಿಯೊಂದೇ ದಾರಿ.

ಮೊದಲ ದಿನ ನಸುಕಿನಲ್ಲಿಯೇ ಎದ್ದ ನನ್ನ ಮಡದಿ, ಮಾಡಲು ಕೆಲಸ ಕಾಣದೆ ಹಾಸಿಗೆಯ ಹೊದಿಕೆಗಳನ್ನು ಮಡಿಚತೊಡಗಿದಳು. ನನಗೆ ನಗು ಬಂದಿತು, ಮರುಕ್ಷಣವೇ ನಾಚಿಕೆಯಾಯಿತು. ಇಷ್ಟು ವರ್ಷ ಆಕೆಗೆ ಬಿಡುವೆಂಬುದೇ ಇರಲಿಲ್ಲವೆಂದು ನನಗೆ ಅರಿವಾದದ್ದು ಅಂದು. ಕೋಣೆಯಲ್ಲಿದ್ದ ಕೆಟಲಿನಲ್ಲಿ ನಾನೇ ಚಹ ಮಾಡಿ ಕೊಟ್ಟೆ. ನೀರಿನ ಮೇಲೆ ಎಳೆಬಿಸಿಲು ಹರಡುವುದನ್ನು ನೋಡುತ್ತ, ಆಕೆ ಎಂದೂ ಹೇಳದಿದ್ದ ಎಷ್ಟೋ ಮಾತುಗಳನ್ನು ಹೇಳಿದಳು.

ಮರುದಿನ ಸುಮಾರು 22 ಕಿ.ಮೀ. ದೂರದ ಏಕಲಿಂಗಜಿಯ ದರ್ಶನ ಪಡೆದೆವು. ಮೇವಾಡದ ನಿಜವಾದ ಒಡೆಯ ಏಕಲಿಂಗನೇ; ಮಹಾರಾಣರು ತಾವು ಆತನ ದಿವಾನರೆಂದು ಭಾವಿಸಿ ರಾಜ್ಯವಾಳಿದರು. ಒಡೆತನದ ಗರ್ವವಿಲ್ಲದ ಈ ಭಾವ ಸಂಸಾರಕ್ಕೂ ಸಲ್ಲುವುದಲ್ಲವೇ?

ಅರಮನೆಯ ವಾಸ ದುಬಾರಿಯೇ ಸರಿ. ಆದರೆ ಊರಿನಲ್ಲಿ ಸಾಧಾರಣ ವಸತಿಗೃಹಗಳೂ ಉಂಟು. ಚಳಿಗಾಲ ಪ್ರವಾಸಕ್ಕೆ ಹಿತಕರ. ಮನೆಗೆ ಮರಳಿದ ಮೇಲೂ ಬೆಳಗಿನ ಚಹ ಮಾಡುವ ಕಾಯಕ ನನ್ನದಾಗಿಯೇ ಉಳಿದಿದೆ.